ನನ್ನ ಮದುವೆಯಲ್ಲಿ ತಮ್ಮನ ಜಾಗ

ನಮ್ಮಮ್ಮ ಯಾವ ಮದುವೆಯಲ್ಲೂ ಧಾರೆಯನ್ನು ಪೂರ್ತಿ ನೋಡಿದ್ದು ನನಗೆ ನೆನಪಿಲ್ಲ. ಛತ್ರಕ್ಕೆ ಹೋಗುವುದು, ನಾಲ್ಕು ಜನರನ್ನು ಮಾತಾಡಿಸುವುದು, ಅಷ್ಟರಲ್ಲಿ ಓಲಗ ಜೋರಾಗುವುದು, ಆಟಿಸಂ ಇರುವ ನನ್ನ ತಮ್ಮ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ಓಡುವುದು, ಅಮ್ಮ ಸೀರೆ ನೆರಿಗೆ ಹಿಡಿದುಕೊಂಡು ಅವನ ಹಿಂದೆ ಓಡುವುದು. ಒಳಗೆ ಅಕ್ಷತೆ ಬೀಳುವಾಗ ಅವಳು ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಇರುತ್ತಿದ್ದಳು. ಊಟಕ್ಕೆ ಕೊನೇ ಪಂಕ್ತಿ. ಆಮೇಲಾಮೇಲೆ ಹೋಗುವುದನ್ನೇ ಬಿಟ್ಟಳು. ಅಪ್ಪ ಒಬ್ಬರೇ ಹೋಗಿ ಮುಯ್ಯಿ ಕೊಟ್ಟು ಬರುತ್ತಿದ್ದರು. ಕರೆಯೋಕೆ ಬಂದವರೂ "ನೀವೊಬ್ರು ಬಂದ್ರೂ ಸಾಕು" ಅನ್ನೋಕೆ ಶುರು ಮಾಡಿದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಒಂದು ಮನೆ ನೆಂಟರಿಷ್ಟರಿಂದ ದೂರ ಆಗುವುದು ಹೀಗೇ, ಯಾರ ಜೊತೆಗೂ ಜಗಳ ಇಲ್ಲದೆ.

ಹಾಗಾಗಿ ನನ್ನ ಮದುವೆ ಗೊತ್ತಾದಾಗ ಮನೆಯಲ್ಲಿ ನಾನು ಎತ್ತಿದ ಮೊದಲ ಮಾತೇ ಇದು: ಧಾರೆ ಎರೆಯುವ ಹೊತ್ತಿಗೆ ತಮ್ಮನ ಜೊತೆ ಯಾರಿರ್ತಾರೆ? ಅಪ್ಪ ಅಮ್ಮ ಇಬ್ಬರೂ ಮಂಟಪದಲ್ಲಿ ಇರಲೇಬೇಕು. ಸೋದರಮಾವನಿಗೂ ಶಾಸ್ತ್ರಗಳಿವೆ. ನಾನಂತೂ ಹಸೆಮಣೆ ಬಿಟ್ಟು ಏಳೋ ಹಾಗಿಲ್ಲ. ಅವನನ್ನು ಚೆನ್ನಾಗಿ ಬಲ್ಲವರೆಲ್ಲ ಒಂದೇ ಹೊತ್ತಲ್ಲಿ ಮಂಟಪದ ಮೇಲೆ ಇರುತ್ತೇವೆ. ದೊಡ್ಡಮ್ಮ ತಕ್ಷಣ ದಾರಿ ಹೇಳಿದರು: "ಅವತ್ತೊಂದಿನ ಊರಲ್ಲಿ ಬಿಟ್ಟಿರಿ, ಯಾರಾದ್ರೂ ನೋಡ್ಕೋತಾರೆ. ಅವನಿಗೂ ನೆಮ್ಮದಿ, ನಿಮಗೂ ನೆಮ್ಮದಿ." ಆಗಲ್ಲ ಅಂದೆ. ನನಗಿರೋನು ಒಬ್ಬನೇ ತಮ್ಮ. ಅವನನ್ನು ಬಿಟ್ಟು ಮಾಡಿದರೆ ಅದು ನಮ್ಮ ಮನೆಯ ಮದುವೆ ಅಂತ ನನಗೆ ಅನ್ನಿಸುತ್ತಿರಲಿಲ್ಲ.

ಮೈಸೂರು ಮಂಡ್ಯದ ಸುತ್ತ ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವ ಮನೆಗಳು ಬೇಕಾದಷ್ಟಿವೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಅಂಥ ಮನೆಗಳಿಗೆ ಲಗ್ನಪತ್ರಿಕೆ ಕೊಡಲು ಹೋಗುವವರಿಗೂ ಕೂಡ.

ತಮ್ಮನಿಗೆ ಈಗ 23. ಆಟಿಸಂ ಅಂದರೆ ಮಾತಾಡೋದು, ಜನರ ಜೊತೆ ಬೆರೆಯೋದು, ಶಬ್ದ ಬೆಳಕು ತಟ್ಟೋದು ಎಲ್ಲ ಚಿಕ್ಕಂದಿನಿಂದಲೇ ಬೇರೆ ಥರ ಇರೋದು. ಮೂರು ವರ್ಷ ಆದರೂ ಮಾತು ಬರಲಿಲ್ಲ ಅಂತ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದು. ಮೈಸೂರಿನವರ ಬಾಯಲ್ಲಿ ಅದು ಬರೀ ಸ್ಪೀಚ್ ಅಂಡ್ ಹಿಯರಿಂಗ್. 1965ರಲ್ಲಿ ಶುರುವಾದದ್ದು. ಮಂಡ್ಯ, ಚಾಮರಾಜನಗರ, ಹಾಸನ, ಎಲ್ಲ ಕಡೆಯಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಅಲ್ಲಿಗೆ ಬರ್ತಾರೆ. ಅವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತೆ, ಮಾತು ಬರದೇ ಇರೋದಕ್ಕೆ ಕಾರಣ ಬೇರೆ ಅಂತ ನಮಗೆ ತಿಳಿದದ್ದು ಅಲ್ಲೇ.

ಈಗ ಅವನು ಅಷ್ಟಿಷ್ಟು ಮಾತಾಡುತ್ತಾನೆ. ಜಾಸ್ತಿ ಪಾಲು ಎಲ್ಲೋ ಕೇಳಿದ ಮಾತುಗಳೇ. ಕುವೆಂಪುನಗರದಿಂದ ಥೆರಪಿಗೆ ಸಿಟಿ ಬಸ್ಸಲ್ಲಿ ಹೋಗಿ ಬರುತ್ತಿದ್ದನಲ್ಲ, ಕಂಡಕ್ಟರ್ ಮಾತು ಅವನಿಗೆ ಬಾಯಿಗೆ ಬಂದಿದೆ. ತಡೆಯೋಕೆ ಆಗದಷ್ಟು ಗಲಾಟೆ ಆದರೆ "ಹೋಲ್ಡಾನ್" ಅಂತಾನೆ. ಹೊರಡೋಣ, ಇಲ್ಲಿ ಸಾಕು ಅಂದರೆ "ರೈಟ್ ರೈಟ್". ಗೊತ್ತಿಲ್ಲದವರಿಗೆ ಇದು ತಮಾಷೆ ಅನ್ನಿಸಬಹುದು, ನಮಗೆ ಮಾತ್ರ ಇದು ಅವನ ಸ್ಪಷ್ಟವಾದ ಮಾತು. ಮದುವೆಗೆ ಬರುವ ಹತ್ತಿರದವರೆಲ್ಲರಿಗೂ ಈ ಎರಡು ಮಾತನ್ನು ಮೊದಲೇ ಹೇಳಿಕೊಟ್ಟಿದ್ದೆವು.

ಮದುವೆ ದಿನಕ್ಕಿಂತ ಮುಂಚೆ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ಸಾಕಷ್ಟು ಮನೆಗಳಲ್ಲಿ ಕಥೆ ಅಲ್ಲೇ ಕೆಡುತ್ತೆ. ನನ್ನ ಬಯೋಡೇಟಾದಲ್ಲಿ "ಒಬ್ಬ ತಮ್ಮ, ಆಟಿಸಂ ಇದೆ, ನಮ್ಮ ಜೊತೆ ಇರುತ್ತಾನೆ" ಅಂತ ಬರೆದಿದ್ದೆ. ಮದುವೆ ಬ್ರೋಕರ್ ಅದನ್ನು ತೆಗೆಯಿರಿ, ಮಾತುಕತೆ ಮುಗಿದ ಮೇಲೆ ಹೇಳಿದರಾಯಿತು ಅಂದರು. ಹೆಣ್ಣು ನೋಡೋಕೆ ಬರುವ ದಿನ ಅವನನ್ನು ಬೇರೆ ಮನೆಗೆ ಕಳಿಸಿ ಅನ್ನೋ ಸಲಹೆಯೂ ಬಂತು. ಮುಚ್ಚಿಟ್ಟು ಮದುವೆ ಆದರೆ ಆಮೇಲೆ ಅವನು ಯಾವ ಬಾಗಿಲಿಂದ ಒಳಗೆ ಬರಬೇಕು ಹೇಳಿ? ಗಂಡಿನ ಕಡೆಯವರ ಕಣ್ಣಿಗೆ ಬೀಳಬಾರದು ಅಂತ ಒಮ್ಮೆ ಬಚ್ಚಿಟ್ಟವನನ್ನು ಮದುವೆ ಮಂಟಪಕ್ಕೆ ಕರೆಯೋದು ಹೇಗೆ? ಅಪ್ಪ ಇದರಲ್ಲಿ ನನ್ನ ಪರ ನಿಂತರು. ತೆಗೆಯಲಿಲ್ಲ.

ಒಂದೆರಡು ಸಂಬಂಧ ಅಲ್ಲಿಗೇ ನಿಂತವು. ಒಬ್ಬರು ನೇರವಾಗಿ ಕೇಳಿದರು, ನಾಳೆ ನಿಮ್ಮ ಮಕ್ಕಳಿಗೂ ಬರುತ್ತಾ ಅಂತ. ಕೇಳಿದ್ದು ತಪ್ಪು ಅಂತ ನಾನು ಅನ್ನಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದೇ. ಆದರೆ ಇದೊಂದೇ ಜೀನ್ ಅಂತ ಬೊಟ್ಟು ಮಾಡಿ ತೋರಿಸೋಕೆ ಆಗಲ್ಲ, ತುಂಬಾ ಜೀನ್‌ಗಳು ಸೇರಿಕೊಂಡಿರುತ್ತವೆ, ಯಾವ ಮಗುವಿಗೆ ಬರುತ್ತೆ ಅಂತ ಮೊದಲೇ ಖಚಿತವಾಗಿ ಹೇಳೋಕೂ ಆಗಲ್ಲ. ಲಸಿಕೆಯಿಂದ ಬರಲ್ಲ. ತಾಯಿ ಸರಿಯಾಗಿ ಬೆಳೆಸಲಿಲ್ಲ ಅಂತ ಬರಲ್ಲ. ಈ ಕೊನೇ ಮಾತನ್ನು ನಾನು ಬೇಕಂತಲೇ ಅಮ್ಮನ ಎದುರಿಗೆ ಹೇಳಿದ್ದು. ಅವಳು ಇಪ್ಪತ್ತು ವರ್ಷದಿಂದ ಬೇರೆ ಥರದ ಮಾತುಗಳನ್ನೇ ಕೇಳಿಸಿಕೊಂಡು ಬಂದಿದ್ದಾಳೆ.

ಕೊನೆಗೆ ಬಂದವರು ಮದ್ದೂರು ಕಡೆಯವರು. ವಡೆ ಕಟ್ಟಿಸಿಕೊಂಡು ಬಂದಿದ್ದರು. ತಮ್ಮ ಒಳಗಿಂದ ಬಂದ, ಯಾರ ಮುಖವನ್ನೂ ನೋಡಲಿಲ್ಲ, ಒಂದು ವಡೆ ಎತ್ತಿಕೊಂಡ, ನನ್ನ ಅತ್ತೆಯ ಸೀರೆ ಸೆರಗನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ ಮತ್ತೆ ಒಳಗೆ ಹೋದ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಗರಿಗರಿಯಾಗಿದ್ರೆ ಇಷ್ಟ ಅವನಿಗೆ, ಅಲ್ವಾ?" ನನಗೆ ಆಗಲೇ ಒಪ್ಪಿಗೆಯಾಗಿತ್ತು, ನಿಜ ಹೇಳಬೇಕು ಅಂದರೆ.

ಇವರ ಹತ್ತಿರ, ಅಂದರೆ ನನ್ನನ್ನು ಮದುವೆಯಾಗುವವರ ಹತ್ತಿರ, ಮಾತ್ರ ಇನ್ನೊಂದು ವಿಷಯ ಬಾಕಿ ಇತ್ತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಹೇಳಿದೆ. ಅಪ್ಪ ಅಮ್ಮನ ಕಾಲ ಆದ ಮೇಲೆ ತಮ್ಮ ನಮ್ಮ ಜೊತೆ ಇರ್ತಾನೆ. 18 ದಾಟಿದ ಆಟಿಸಂ ಇರುವವರಿಗೆ ಕಾನೂನು ಪ್ರಕಾರ ಪೋಷಕರನ್ನು ನೇಮಿಸೋಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ದಾರಿ ಇದೆ, ಆ ಹೊತ್ತು ಬಂದರೆ ಅರ್ಜಿಯಲ್ಲಿ ನನ್ನ ಹೆಸರು ಇರುತ್ತೆ. ಇದು ಮದುವೆಗೆ ಮುಂಚೆ ಆಡೋ ಮಾತಲ್ಲ ಅಂತ ಹಿರಿಯರು ಅಂತಾರೆ. ಇದಕ್ಕಿಂತ ಒಳ್ಳೆ ಹೊತ್ತು ಯಾವುದಿದೆ ಅಂತ ನನಗೆ ಗೊತ್ತಿಲ್ಲ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದ್ರೆ ಮನೆ ಮಾಡುವಾಗ ಅವನಿಗೊಂದು ರೂಮು ಇರೋ ಮನೆಯನ್ನೇ ನೋಡಬೇಕು ಅಂದರು.

ಇನ್ನು ಛತ್ರ. ಎರಡೂ ಕಡೆಗೆ ಅನುಕೂಲ ಅಂತ ಮಂಡ್ಯದಲ್ಲಿ ಹುಡುಕಿದೆವು. ಸಾವಿರ ಜನ ಕೂರುವ ದೊಡ್ಡ ಛತ್ರಗಳನ್ನು ಅಪ್ಪ ಇಷ್ಟಪಟ್ಟಿದ್ದರು, ಸಹಜವೇ. ಆದರೆ ಅಂಥ ಹಾಲ್‌ಗಳಲ್ಲಿ ಶಬ್ದ ಗೋಡೆಗೆ ಬಡಿದು ವಾಪಸ್ ಬರುತ್ತೆ, ಹೊರಗೆ ಹೋಗಬೇಕು ಅಂದರೆ ಜನರ ಮಧ್ಯೆಯೇ ಹಾಯಬೇಕು. ನಾವು ಹಿಡಿದದ್ದು ಹಳೆಯದೊಂದು ಚಿಕ್ಕ ಛತ್ರ. ಮಂಟಪದ ಪಕ್ಕದಲ್ಲೇ ಒಂದು ಬಾಗಿಲು, ಅದರಾಚೆ ಓಣಿ, ಓಣಿಯ ಕೊನೆಗೆ ಉಗ್ರಾಣ. ಆ ಬಾಗಿಲಿಗೋಸ್ಕರವೇ ಆ ಛತ್ರ. ಅಡ್ವಾನ್ಸ್ ಕೊಡುವ ಮೊದಲೇ ಮ್ಯಾನೇಜರಿಗೆ ವಿಷಯ ಹೇಳಿ, ಮದುವೆ ಇಲ್ಲದ ದಿನ ತಮ್ಮನನ್ನು ಕರೆದುಕೊಂಡು ಬರ್ತೀವಿ ಅಂತ ಒಪ್ಪಿಸಿದೆವು. ಖಾಲಿ ಛತ್ರದಲ್ಲಿ ಅವನು ಎಲ್ಲ ಕಡೆ ಓಡಾಡಿದ. ಊಟದ ಹಾಲಿನ ಫ್ಯಾನುಗಳನ್ನು ಹಾಕಿ ಆರಿಸಿ ನೋಡಿದ. ಮಂಟಪದ ಮೆಟ್ಟಿಲ ಮೇಲೆ ಕೂತ. ಉಗ್ರಾಣದೊಳಗೆ ಹೋದವನು ಹೊರಗೆ ಬರಲೇ ಇಲ್ಲ. ತಂಪು, ಮಂದ ಬೆಳಕು, ದಪ್ಪ ಗೋಡೆ. ಅವನ ಜಾಗ ಯಾವುದು ಅಂತ ಅವನೇ ತೋರಿಸಿಬಿಟ್ಟ.

ಅಲ್ಲಿನ ಫೋಟೋಗಳನ್ನು ತೆಗೆದು ಒಂದು ಪುಸ್ತಕ ಮಾಡಿದೆವು. ಬಾಗಿಲು, ಮಂಟಪ, ಓಣಿ, ಉಗ್ರಾಣ, ಊಟದ ಹಾಲು. ಅದರ ಮಧ್ಯೆ ನನ್ನ ಫೋಟೋ, ಇವರ ಫೋಟೋ, ಪುರೋಹಿತರ ಫೋಟೋ, ಓಲಗದ ಫೋಟೋ. ಒಂದೊಂದರ ಕೆಳಗೆ ಒಂದೊಂದು ಸಾಲು. "ಇಲ್ಲಿ ಅಕ್ಕ ಕೂತಿರುತ್ತಾಳೆ." "ಈಗ ಓಲಗ ಜೋರಾಗುತ್ತೆ. ಆಮೇಲೆ ನಿಲ್ಲುತ್ತೆ." "ಸಾಕು ಅನ್ನಿಸಿದರೆ ಉಗ್ರಾಣಕ್ಕೆ ಹೋಗಬಹುದು." ಮುಂದೆ ಏನು ನಡೆಯುತ್ತೆ ಅನ್ನೋದನ್ನು ಹೀಗೆ ಚಿಕ್ಕ ಕಥೆ ಮಾಡಿ ಹೇಳುವ ಕ್ರಮವನ್ನು 1990ರ ಸುಮಾರಿನಲ್ಲಿ ಕ್ಯಾರಲ್ ಗ್ರೇ ಅನ್ನುವ ಅಮೆರಿಕದ ಶಿಕ್ಷಕಿ ಬೆಳೆಸಿದರು, ಸೋಶಿಯಲ್ ಸ್ಟೋರಿ ಅಂತಾರೆ. ನಮ್ಮದರಲ್ಲಿ ಒಂದು ಎಚ್ಚರಿಕೆ ಇಟ್ಟುಕೊಂಡಿದ್ದೆವು. "ಕಿರುಚಬಾರದು", "ಓಡಬಾರದು" ಅನ್ನೋ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಏನಾಗುತ್ತೆ, ಅವನು ಏನು ಮಾಡಬಹುದು, ಅಷ್ಟೇ.

ಬಟ್ಟೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ರೇಷ್ಮೆ ಪಂಚೆ ಬೇಡ, ಜರಿ ಅಂಚು ಚುಚ್ಚುತ್ತೆ. ಹಳೆ ಹತ್ತಿ ಪಂಚೆ, ಅದೂ ವೆಲ್ಕ್ರೋ ಅಂಟಿಸಿದ್ದು, ಸೊಂಟದಲ್ಲಿ ಗಂಟು ಇಲ್ಲದ್ದು. ಹೊಸ ಅಂಗಿಯ ಕತ್ತಿನ ಲೇಬಲ್ ಕತ್ತರಿಸಿ, ಗಂಜಿ ಹೋಗುವ ತನಕ ಒಗೆದು ಒಗೆದು ಮೆತ್ತಗೆ ಮಾಡಿದೆವು. ಮನೆಯಲ್ಲಿ ಸುಮ್ನೆ ಕೂತಾಗ ಹಾಕಿಕೊಂಡು ಅಭ್ಯಾಸ ಆಯಿತು.

ದೊಡ್ಡ ಸವಾಲು ಶಬ್ದ. ಇದನ್ನು ಹಠ ಅನ್ನುವವರು ನಮ್ಮ ನೆಂಟರಲ್ಲೂ ಇದ್ದಾರೆ, ಅವರಿಗೆ ನಾನು ಹೇಳೋದು ಇಷ್ಟೇ: 2013ರಲ್ಲಿ ಬಂದ ಡಿಎಸ್ಎಂ-5 ಅನ್ನುವ ಮನೋವೈದ್ಯರ ಕೈಪಿಡಿಯಲ್ಲಿ, ಶಬ್ದ, ಬೆಳಕು, ವಾಸನೆ, ಸ್ಪರ್ಶ ವಿಪರೀತ ತಟ್ಟುವುದನ್ನು ಅಥವಾ ತೀರಾ ಕಡಿಮೆ ತಟ್ಟುವುದನ್ನು ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದ್ದಾರೆ. ನಮಗೆ ಸಡಗರ ಅನ್ನಿಸುವ ಗಟ್ಟಿಮೇಳ ಅವನಿಗೆ ತಲೆಯೊಳಗೇ ಹೊಡೆದ ಹಾಗೆ ಆಗುತ್ತೆ. ಅದಕ್ಕಿಂತ ಹೆಚ್ಚಾಗಿ, ಯಾವಾಗ ಹೊಡೀತಾರೆ ಅಂತ ಗೊತ್ತಿಲ್ಲದೇ ಇರೋದು ಅವನಿಗೆ ಕಷ್ಟ. ಮದುವೆ ಮನೆಯಲ್ಲಿ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ ಕ್ಷಣವೇ ಡೋಲು ಬೀಳುತ್ತೆ, ಮಧ್ಯೆ ಉಸಿರು ಬಿಡೋಕೂ ಹೊತ್ತಿರಲ್ಲ.

ಓಲಗದವರನ್ನು ಮದುವೆಗೆ ಮುಂಚೆ ಹೋಗಿ ಕಂಡು ಬಂದೆವು. ಓಲಗ ಬೇಡ ಅಂತ ಹೇಳೋಕೆ ಅಲ್ಲ. ಓಲಗ ಇಲ್ಲದ ಮದುವೆ ಅಜ್ಜಿಗೆ ಮದುವೆಯೇ ಅಲ್ಲ, ನನಗೂ ಅಲ್ಲ. ಕೇಳಿದ್ದು ಮೂರು ವಿಷಯ: ಉಗ್ರಾಣದ ಬಾಗಿಲಿಂದ ದೂರದ ಮೂಲೆಯಲ್ಲಿ ಕೂರಬೇಕು, ಮೈಕ್ ಬೇಡ, ಗಟ್ಟಿಮೇಳಕ್ಕೆ ಮುಂಚೆ ಒಮ್ಮೆ ನಮ್ಮ ಕಡೆ ಕೈ ಎತ್ತಿ ತೋರಿಸಬೇಕು. ಡೋಲಿನ ಹಿರಿಯರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವರಾಗಿಯೇ, ಒಂದೇ ಸಲ ಜೋರಾಗಿ ಎತ್ತಲ್ಲ, ಮೆಲ್ಲಗೆ ಶುರು ಮಾಡಿ ಏರಿಸ್ತೀವಿ ಅಂದರು. ನನಗೆ ಅದು ಹೊಳೆದಿರಲೇ ಇಲ್ಲ. ಪುರೋಹಿತರಿಗೂ ಹೇಳಿದ್ದೆವು. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಕಿವಿಗೆ ಹಾಕಿಕೊಳ್ಳುವ ಶಬ್ದ ತಡೆಯುವ ಇಯರ್ ಮಫ್ ತಮ್ಮನಿಗೆ ಮೊದಲಿಂದಲೇ ಅಭ್ಯಾಸ. ಕೈ ಎತ್ತಿದ್ದು ಕಂಡರೆ ಅದನ್ನು ಹಾಕಿಕೊಳ್ಳೋದು ಅಂತ ಮನೆಯಲ್ಲಿ ಆಡಿಸಿ ಆಡಿಸಿ ಕಲಿಸಿದೆವು.

ಆಮೇಲೆ ಅವನ ಜೊತೆ ಇರುವವರು. ಇಲ್ಲಿ ನಾನು ಗಟ್ಟಿಯಾಗಿ ಹೇಳುವುದು ಒಂದಿದೆ: ಎಲ್ಲರೂ ನೋಡ್ಕೋತಾರೆ ಅಂದರೆ ಯಾರೂ ನೋಡ್ಕೊಳ್ಳಲ್ಲ. ಮದುವೆ ಮನೆಯಲ್ಲಿ ಆ ಕೆಲಸ ತಿರುಗಿ ತಿರುಗಿ ತಾಯಿ ತಲೆಗೇ ಬರುತ್ತೆ. ಅದಕ್ಕೆ ಯಾವ ಶಾಸ್ತ್ರವೂ ಇಲ್ಲದ, ತಮ್ಮ ನಂಬುವ ಇಬ್ಬರನ್ನು ಹಿಡಿದೆವು. ಒಬ್ಬರು ಪಕ್ಕದ ಮನೆ ಆಂಟಿ, ಅವನು ಅಂಬೆಗಾಲಿಡುವ ಕಾಲದಿಂದ ನೋಡಿದವರು. ಇನ್ನೊಬ್ಬ ಚಿಕ್ಕಪ್ಪನ ಮಗ, ಕಾಲೇಜು ಹುಡುಗ. ಇಬ್ಬರೂ ಪಾಳಿ ಮೇಲೆ. ಅಮ್ಮನ ಕೈಗೆ ಅವತ್ತು ಆ ಕೆಲಸ ಕೊಡಲ್ಲ ಅಂತ ಅಪ್ಪ ಎಲ್ಲರ ಎದುರಿಗೆ ಹೇಳಿಬಿಟ್ಟರು.

ಆರತಕ್ಷತೆಗೆ ತಮ್ಮ ಬರಲಿಲ್ಲ. ಇದನ್ನು ಕೇಳಿ ಕೆಲವರಿಗೆ ಬೇಜಾರಾಯಿತು, ಇಷ್ಟೆಲ್ಲ ಮಾಡಿ ಅದಕ್ಕೆ ಕರ್ಕೊಂಡು ಬರಲಿಲ್ವಾ ಅಂತ. ಎಲ್ಇಡಿ ಪರದೆ, ಹೊಗೆ ಬಿಡುವ ಯಂತ್ರ, ಕಣ್ಣಿಗೆ ಹೊಡೆಯುವ ದೀಪ, ಗಂಟೆಗಟ್ಟಲೆ ಸಾಲು, ಸಾಲಿನಲ್ಲಿ ಬಂದವರೆಲ್ಲ ಕೈ ಕುಲುಕುವುದು, ಕೆನ್ನೆ ಹಿಂಡುವುದು. ಅದರಲ್ಲಿ ಅವನಿಗೆ ಏನಿದೆ? ಎಲ್ಲದಕ್ಕೂ ಎಳೆದುಕೊಂಡು ಹೋಗುವುದು ಸೇರಿಸಿಕೊಳ್ಳುವುದಲ್ಲ. ಜನ ಬರುವ ಮುಂಚೆ, ಸಂಜೆ ನಾಲ್ಕಕ್ಕೇ, ಖಾಲಿ ಸ್ಟೇಜ್ ಮೇಲೆ ನಾವು ಮನೆಯವರಷ್ಟೇ ನಿಂತು ಫೋಟೋ ತೆಗೆಸಿಕೊಂಡೆವು. ಫ್ಲ್ಯಾಶ್ ಇಲ್ಲ. "ಇಲ್ಲಿ ನೋಡು, ನಗು" ಅನ್ನೋರಿಲ್ಲ. ಅವನು ಕ್ಯಾಮೆರಾ ನೋಡಿಲ್ಲ, ನನ್ನ ಬಳೆ ನೋಡುತ್ತಿದ್ದಾನೆ. ನನಗೆ ಬೇಕಿದ್ದ ಫೋಟೋ ಅದೇ. ಆಮೇಲೆ "ರೈಟ್ ರೈಟ್" ಅಂದ, ಆಂಟಿ ಮೈಸೂರಿಗೆ ಕರೆದುಕೊಂಡು ಹೋದರು.

ಮಾರನೇ ದಿನ ಬೆಳಿಗ್ಗೆ ಅವನು ಮಂಡ್ಯಕ್ಕೆ ಬಂದದ್ದು ಸರ್ಕಾರಿ ಬಸ್ಸಲ್ಲಿ. ನೆಂಟರೆಲ್ಲ ತುಂಬಿಕೊಂಡ ವ್ಯಾನಿನಲ್ಲಿ ಹಾಡು, ಮಲ್ಲಿಗೆ, ಸೆಂಟಿನ ವಾಸನೆ. ಅವನಿಗೆ ಶ್ರೀರಂಗಪಟ್ಟಣದ ಮೇಲೆ ಹೋಗುವ ಬಸ್ಸಿನ ಕಿಟಕಿ ಪಕ್ಕದ ಸೀಟು ಸಾಕು, ಕಾವೇರಿ ಸೇತುವೆ ಬಂದಾಗ ಎದ್ದು ನಿಂತು ನೋಡುತ್ತಾನೆ. ಮದುಮಗಳ ತಮ್ಮ ಬಸ್ಸಲ್ಲಿ ಬಂದನಲ್ಲ ಅಂತ ಯಾರೋ ಅಂದರಂತೆ. ಬಂದನಲ್ಲ, ಅದು ಮುಖ್ಯ.

ಉಗ್ರಾಣದಲ್ಲಿ ಅವನಿಗೆ ಕೆಲಸ ಇತ್ತು. ತಾಂಬೂಲದ ಚೀಲ ತುಂಬುವುದು: ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದು ಅಡಿಕೆ ಪೊಟ್ಟಣ. ಒಂದೇ ಕ್ರಮ, ಒಂದೇ ಸಮ. ಅವನ ಕೈ ಇಂಥ ಕೆಲಸದಲ್ಲಿ ತಪ್ಪಲ್ಲ, ಬೇರೆಯವರು ತುಂಬಿದ ಚೀಲದಲ್ಲಿ ಎಲೆ ಒಂದೇ ಇದ್ದರೆ ತೆಗೆದು ಸರಿ ಮಾಡಿಡುತ್ತಾನೆ. ಉಗ್ರಾಣ ಅಂದರೆ ಮದುವೆ ಮನೆಯ ಹೊಟ್ಟೆ. ಅಡುಗೆಯವರು, ಅಜ್ಜಿ, ಹೂವಿನವರು, ಎಲ್ಲರೂ ಅಲ್ಲಿಗೇ ಬರಬೇಕು. ಬಂದವರೆಲ್ಲ ಅವನ ಪಕ್ಕದಲ್ಲಿ ಎರಡು ನಿಮಿಷ ಕೂತು, ಒಂದು ಚೀಲ ತುಂಬಿ, ಏನಾದರೂ ಹೇಳಿ ಹೋದರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಾದ ಕಷ್ಟ ಇಲ್ಲ, ಪಕ್ಕಪಕ್ಕ ಕೂತು ಕೈ ಆಡಿಸಿದರೆ ಆಯಿತು. ನಮ್ಮ ಊರಿನ ಹಿರಿಯರೊಬ್ಬರು ಅಷ್ಟು ವರ್ಷದಲ್ಲಿ ಮೊದಲ ಸಲ ಅವನ ಜೊತೆ ಕೂತಿದ್ದು ಅಲ್ಲೇ.

ಅವನನ್ನು ಒಂದು ಕೋಣೆಯಲ್ಲಿ ಕೂರಿಸಿದ ಹಾಗೇ ಆಯಿತಲ್ಲ ಅಂತ ದೊಡ್ಡಮ್ಮ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಕೋಣೆಯ ಚಿಲಕ ಯಾರ ಕೈಯಲ್ಲಿದೆ ಅನ್ನೋದನ್ನು ನೋಡಬೇಕು. ಅವನಿಗೆ ಬೇಕೆನಿಸಿದಾಗ ಹೊರಗೆ ಬಂದ, ಮಂಟಪದ ಪಕ್ಕ ನಿಂತ, ಅಕ್ಷತೆ ತಟ್ಟೆಯಲ್ಲಿ ಕೈಯಾಡಿಸಿದ, ಮತ್ತೆ ಹೋದ. ಅಕ್ಷತೆ ಮೈಮೇಲೆ ಬಿದ್ದರೆ ಅವನಿಗೆ ಆಗಲ್ಲ, ಆದರೆ ಬೆರಳ ಸಂದಿಯಲ್ಲಿ ಅಕ್ಕಿ ಜಾರುವುದು ತುಂಬಾ ಇಷ್ಟ. ಧಾರೆಗೆ ಮುಂಚೆ ಎಲ್ಲರಿಗೂ ಅಕ್ಷತೆ ಹಂಚಿದ್ದು ಅವನೇ, ಚಿಕ್ಕಪ್ಪನ ಮಗನ ಜೊತೆ. ಕೆಲವರಿಗೆ ಹಿಡಿ ತುಂಬಾ ಕೊಟ್ಟ, ಕೆಲವರಿಗೆ ನಾಲ್ಕು ಕಾಳು.

ತಾಳಿ ಕಟ್ಟುವ ಹೊತ್ತಿಗೆ ಡೋಲಿನ ಹಿರಿಯರು ಕೈ ಎತ್ತಿದರು. ತಮ್ಮ ಮಫ್ ಹಾಕಿಕೊಂಡ. ಮೇಳ ಮೆಲ್ಲಗೆ ಶುರುವಾಗಿ ಏರಿತು. ಅವನು ಮಂಟಪದ ಪಕ್ಕದ ಬಾಗಿಲಲ್ಲೇ ನಿಂತಿದ್ದ, ಕಾಲ ತುದಿಯ ಮೇಲೆ ಹಿಂದೆ ಮುಂದೆ ತೂಗುತ್ತಾ. ಓಡಲಿಲ್ಲ. ಅಮ್ಮ ನನ್ನ ಪಕ್ಕದಲ್ಲಿದ್ದಳು, ಅವಳ ಕಣ್ಣು ಒಮ್ಮೆ ನನ್ನ ಮೇಲೆ, ಒಮ್ಮೆ ಆ ಬಾಗಿಲ ಮೇಲೆ.

ಲಾಜಾಹೋಮದಲ್ಲಿ ಹೆಣ್ಣಿನ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಅರಳು ಹಾಕಬೇಕು. ಅವನು ಮಾಡುತ್ತಾನಾ ಇಲ್ವಾ ಅಂತ ನಾವು ಯಾರಿಗೂ ಮಾತು ಕೊಟ್ಟಿರಲಿಲ್ಲ. ಮನೆಯಲ್ಲಿ ಮಂಡಕ್ಕಿ ಹಿಡಿದು ಅಭ್ಯಾಸ ಮಾಡಿಸಿದ್ದು ನಿಜ, ಆದರೆ ಅವತ್ತಿನ ಹೊಗೆ ಬೇರೆ, ಜನ ಬೇರೆ. ಬಂದ. ಎರಡು ಸಲ ಹಾಕಿದ, ಒಂದು ಅರಳೂ ಕೆಳಗೆ ಬೀಳದ ಹಾಗೆ. ಮೂರನೇ ಸಲಕ್ಕೆ ಹೊಗೆ ಅವನ ಕಡೆ ತಿರುಗಿತು. "ಹೋಲ್ಡಾನ್" ಅಂತ ಗಟ್ಟಿಯಾಗಿ ಹೇಳಿ ಹೊರಟುಬಿಟ್ಟ. ಪುರೋಹಿತರು ಒಂದು ಕ್ಷಣವೂ ಮುಖ ಬದಲಿಸಲಿಲ್ಲ. ಚಿಕ್ಕಪ್ಪನ ಮಗನಿಗೆ ಕೈ ತೋರಿಸಿದರು, ಅವನು ಬಂದು ಮೂರನೆಯದನ್ನು ಹಾಕಿದ, ಮಂತ್ರ ಮುಂದುವರೀತು. ಇಬ್ಬರು ತಮ್ಮಂದಿರು ಅರಳು ಹಾಕಿದರು ಅಂತ ಅಜ್ಜಿ ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದರು.

ಎಲ್ಲವೂ ಸರಾಗವಾಗಿ ಆಯಿತು ಅಂದರೆ ಸುಳ್ಳಾಗುತ್ತೆ. ಮಧ್ಯಾಹ್ನ ಗಂಡಿನ ಕಡೆಯ ಯಾರೋ ಹುಡುಗರು ಓಣಿಯಲ್ಲಿ ಬಣ್ಣದ ಕಾಗದ ಹಾರಿಸುವ ಪಾಪ್ಪರ್ ಒಡೆದರು. ಯಾರಿಗೂ ಅದು ಮೊದಲೇ ಗೊತ್ತಿರಲಿಲ್ಲ. ತಮ್ಮ ನೆಲಕ್ಕೆ ಕೂತು ತನ್ನ ಕೈಯನ್ನೇ ಕಚ್ಚಿಕೊಳ್ಳೋಕೆ ಶುರು ಮಾಡಿದ. ಜನ ಸೇರಿದರು. ಒಬ್ಬರು ನೀರು, ಒಬ್ಬರು ವಿಭೂತಿ, ಒಬ್ಬರು "ಏನಾಯ್ತಪ್ಪ, ಯಾಕಪ್ಪ" ಅಂತ ಹೆಗಲು ಹಿಡಿದು ಅಲುಗಾಡಿಸುವುದು. ಆಂಟಿ ಮಾಡಿದ ಮೊದಲ ಕೆಲಸ ಎಲ್ಲರನ್ನೂ ಅಲ್ಲಿಂದ ಕಳಿಸಿದ್ದು. ಆಮೇಲೆ ಉಗ್ರಾಣದ ಲೈಟ್ ಆರಿಸಿ, ಅವನ ದಪ್ಪ ಕಂಬಳಿಯನ್ನು ಹೆಗಲ ಮೇಲೆ ಹೊದಿಸಿ, ಕಚ್ಚೋಕೆ ಒಂದು ಟವೆಲ್ ಕೊಟ್ಟು, ಒಂದೂ ಮಾತಾಡದೆ ಸ್ವಲ್ಪ ದೂರದಲ್ಲಿ ಕೂತರು. ಇದನ್ನು ಮೆಲ್ಟ್‌ಡೌನ್ ಅಂತಾರೆ. ಹಠ ಮಾಡುವ ಮಗು ಬೇಕಾದದ್ದು ಸಿಕ್ಕರೆ ನಿಲ್ಲಿಸುತ್ತೆ, ಇಲ್ಲಿ ಅವನಿಗೆ ಬೇಕಾದದ್ದು ಅಂತ ಏನೂ ಇರಲ್ಲ. ತಲೆ ತಡೆಯುವಷ್ಟನ್ನು ಮೀರಿ ಹೋಗಿರುತ್ತೆ, ಅದು ಇಳಿಯಬೇಕು, ಇಳಿಯೋಕೆ ಹೊತ್ತು ಬೇಕು. ಆ ಹೊತ್ತಲ್ಲಿ ಪ್ರಶ್ನೆ ಕೇಳಿದರೆ ಜಾಸ್ತಿಯಾಗುತ್ತೆ. ಇಳಿದ ಮೇಲೆ ಅಕ್ಕಿ ಮೂಟೆಗೆ ಒರಗಿ ನಿದ್ದೆ ಮಾಡಿದ.

ಅದಕ್ಕಿಂತ ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಯಾರೋ ಅದನ್ನು ಮೊಬೈಲಲ್ಲಿ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದ್ದರು, ಕೈಮುಗಿದ ಎಮೋಜಿ ಸೇರಿಸಿ. ಪಾಪ ಅನ್ನೋ ಭಾವನೆಯಿಂದಲೇ ಇರಬಹುದು. ಅರಿಶಿನದ ಕೈಯಲ್ಲೇ ಫೋನ್ ಮಾಡಿ ತೆಗೆಸಿದೆ. ಒಬ್ಬ ಮನುಷ್ಯ ತೀರಾ ಕಷ್ಟದಲ್ಲಿರುವ ಹೊತ್ತನ್ನು ಅವನ ಒಪ್ಪಿಗೆ ಇಲ್ಲದೆ ಊರಿಗೆಲ್ಲ ತೋರಿಸುವುದು ಯಾವ ಕನಿಕರ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು, ಆ ಕಾಯ್ದೆ ಮೊದಲು ಹೇಳುವುದೇ ಘನತೆಯಿಂದ ಬದುಕುವ ಹಕ್ಕನ್ನು. ಫೋಟೋ ವಿಡಿಯೋದವರಿಗೆ ಮೊದಲೇ ಹೇಳಿದ್ದೆವು, ಅವರು ಮಾತು ಉಳಿಸಿಕೊಂಡರು. ನೆಂಟರಿಗೂ ಹೇಳಬೇಕಾಗುತ್ತೆ ಅಂತ ಈಗ ಗೊತ್ತಾಯಿತು, ನೀವು ಮರೀಬೇಡಿ.

ಊಟದ ವಿಷಯ. ಬಾಳೆ ಎಲೆಯಲ್ಲಿ ಸಾರು ಹರಿದು ಪಲ್ಯಕ್ಕೆ ತಾಗಿದರೆ ಅವನು ಎದ್ದುಬಿಡುತ್ತಾನೆ. ಮನೆಯಿಂದ ಅವನ ಖಾನೆಗಳಿರುವ ಸ್ಟೀಲ್ ತಟ್ಟೆ ತಂದಿದ್ದೆವು. ಮೊಸರನ್ನ, ಹಪ್ಪಳ, ಸಂಡಿಗೆ. ಮೊದಲ ಪಂಕ್ತಿಗೂ ಮುಂಚೆ, ಊಟದ ಹಾಲು ಖಾಲಿ ಇದ್ದಾಗ, ಅವನೂ ಆಂಟಿಯೂ ಉಂಡರು. ಬೀಗರಿಗಿಂತ ಮುಂಚೆ ಊಟವಾ ಅಂತ ಯಾರೋ ಗೊಣಗಿದಾಗ ನನ್ನ ಅತ್ತೆಯೇ, ಬೀಗರು ನಾವೇ ತಾನೆ, ನಮಗೇನೂ ಬೇಜಾರಿಲ್ಲ ಅಂದರು. ಅಮ್ಮ ಬೀಗಿತ್ತಿಯ ಪಕ್ಕ ಕೂತು ಒಬ್ಬಟ್ಟು, ಪಾಯಸ ಎಲ್ಲ ನಿಧಾನವಾಗಿ ಉಂಡಳು. ಎಲೆ ಮುಂದೆ ಅಷ್ಟು ಹೊತ್ತು ಕೂತಿದ್ದವಳನ್ನು ಅಪ್ಪ ಎರಡು ಸಲ ಬಂದು ನೋಡಿ ಹೋದರು.

ಮದುವೆಗೆ ಕರೆಯುವವರು ನೀವಾದರೆ, "ಅವನನ್ನೂ ಕರ್ಕೊಂಡು ಬನ್ನಿ" ಅನ್ನೋದರ ಜೊತೆಗೆ ಒಂದು ಮಾತು ಸೇರಿಸಿ: ಅವನಿಗೆ ಏನು ಅನುಕೂಲ ಮಾಡಿಡಬೇಕು? ಈ ಪ್ರಶ್ನೆಯನ್ನು ಕೇಳಿದವರು ನಮ್ಮ ಮನೆಗೆ ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು. ಉತ್ತರ ಪ್ರತಿ ಮನೆಗೂ ಬೇರೆ. ನನ್ನ ತಮ್ಮನಿಗೆ ಶಬ್ದ ಆಗಲ್ಲ, ಇನ್ನೊಬ್ಬರ ಮಗಳು ಡೋಲಿನ ಪಕ್ಕವೇ ನಿಂತು ಕುಣಿಯಬಹುದು. ಅವನಿಗೆ ಉಗ್ರಾಣ ಹಿಡಿಸಿತು, ಇನ್ನೊಬ್ಬರಿಗೆ ಕಾರಿನ ಹಿಂದಿನ ಸೀಟೇ ಸಾಕಾಗಬಹುದು. ಬಂದಾಗ ಮುಟ್ಟದೆ ಮಾತಾಡಿಸಿ. ಉತ್ತರ ಬರದಿದ್ದರೆ ಬೇಜಾರು ಮಾಡ್ಕೋಬೇಡಿ. ಹೊರಟರೆ ತಡೀಬೇಡಿ, ಊಟ ಮಾಡ್ಕೊಂಡು ಹೋಗಿ ಅಂತ ಬಾಗಿಲಲ್ಲಿ ಅಡ್ಡ ನಿಲ್ಲೋ ನಮ್ಮ ಉಪಚಾರ ಅವರಿಗೆ ಬಲು ಕಷ್ಟ. ಕಾಲಿಗೆ ಬೀಳಿಸಲೇಬೇಕು ಅಂತ ಹಠ ಬೇಡ, ದೂರದಿಂದ ಕೈ ಮುಗಿದರೂ ಆಶೀರ್ವಾದ ತಲುಪುತ್ತೆ.

ಬರುವ ಮಾಘದಲ್ಲಿ ಚಿಕ್ಕಪ್ಪನ ಮಗಳ ಮದುವೆ, ಮೈಸೂರಲ್ಲೇ. ಚಿಕ್ಕಮ್ಮ ಕರೆಯೋಕೆ ಬಂದಾಗ ಛತ್ರ ಖಾಲಿ ಇರುವ ದಿನಗಳನ್ನು ಬರೆದುಕೊಂಡೇ ಬಂದಿದ್ದರು. ತಾಂಬೂಲದ ಚೀಲದ ಕೆಲಸ ಅವನಿಗೇ ಅಂತೆ. ತಮ್ಮನಿಗೆ ಪತ್ರಿಕೆ ತೋರಿಸಿ ಬರ್ತೀಯಾ ಅಂತ ಕೇಳಿದ್ದೇನೆ. ಇನ್ನೂ ಏನೂ ಹೇಳಿಲ್ಲ. ಭಾನುವಾರ ಛತ್ರ ತೋರಿಸಿ ಮತ್ತೊಮ್ಮೆ ಕೇಳ್ತೀವಿ. ಬೇಡ ಅಂದರೆ ಅವತ್ತು ಮನೆಯಲ್ಲಿ ಅವನ ಜೊತೆ ನಾನಿರ್ತೀನಿ ಅಂತ ಇವರು ಆಗಲೇ ರಜ ಹಾಕಿದ್ದಾರೆ.